ಸಾಕು ಅನ್ನೋ ಹೆಸರು

ಇವತ್ತು ರಾಜಕೀಯ ಇಲ್ಲ. ಯಾವ ಪಕ್ಷದಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಅನ್ನೋದನ್ನ ನಾಳೆ ನೋಡೋಣ, ಆ ಮುನಿಸು ನಾಳೆವರೆಗೂ ಇರುತ್ತೆ. ಇವತ್ತು ಹೆಸರುಗಳ ಬಗ್ಗೆ ಮಾತು.

ಹೋದ ತಿಂಗಳು ನಮ್ಮಣ್ಣನಿಗೆ ಮಗಳು ಹುಟ್ಟಿದಳು. ಸೋದರತ್ತೆ ನಾನು. ನಾಮಕರಣದ ದಿನ ತೊಟ್ಟಿಲ ಹತ್ತಿರ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ನಾನೇ, ಹಾಗಾಗಿ ಹೆಸರು ಹುಡುಕೋ ಕೆಲಸವೂ ನನ್ನ ತಲೆಗೇ ಬಂತು. "ಇಂಜಿನಿಯರಿಂಗ್ ಓದಿದ್ದೀಯ, ಟೀವೀಲಿ ಬೇರೆ ಕೂತ್ಕೋತೀಯ, ಒಂದು ಒಳ್ಳೇ ಹೆಸರು ಹುಡುಕೋಕೆ ಆಗಲ್ವಾ?" ಅಂದರು ಅಮ್ಮ. ಎರಡೇ ಅಕ್ಷರ ಇರಬೇಕಂತೆ, ಊರಲ್ಲಿ ಬೇರೆ ಯಾರೂ ಇಟ್ಟಿರಬಾರದಂತೆ, ನಾಳೆ ಅಮೆರಿಕಕ್ಕೆ ಹೋದರೆ ಅಲ್ಲಿಯವರ ನಾಲಿಗೆಗೂ ಹೊರಳಬೇಕಂತೆ, ಅರ್ಥವಂತೂ ಚೆನ್ನಾಗಿರಲೇಬೇಕಂತೆ. ಸರಿ, ಇಂಟರ್ನೆಟ್ ತೆಗೆದು ಕೂತೆ. ಅಲ್ಲಿ ಅರ್ಥ ಇಲ್ಲದ ಹೆಸರೇ ಇಲ್ಲ. ಪರೀಕ್ಷೆ ಮಾಡೋಣ ಅಂತ ಬೆರಳಿಗೆ ಸಿಕ್ಕ ನಾಲ್ಕು ಅಕ್ಷರ ಒತ್ತಿದರೆ ಅದಕ್ಕೂ 'ಸಂಸ್ಕೃತ ಮೂಲ, ಲಕ್ಷ್ಮಿಯ ಇನ್ನೊಂದು ಹೆಸರು' ಅಂತ ಬಂತು!

ಈ ಗಲಾಟೆ ನಡೀತಿರುವಾಗ ಮೂಲೆಯಲ್ಲಿ ಕೂತಿದ್ದ ನಮ್ಮ ಚಿಕ್ಕಜ್ಜಿ, ಅಂದರೆ ನಮ್ಮಜ್ಜಿಯ ಕೊನೇ ತಂಗಿ, ಒಂದು ಮಾತು ಹೇಳಿದರು. "ಏನಾದ್ರೂ ಇಡ್ರವ್ವ. ನನ್ನ ಹೆಸರೊಂದು ಬೇಡ." ಎಲ್ಲರೂ ನಕ್ಕರು, ನಾನೂ ನಕ್ಕೆ. ರೇಷನ್ ಕಾರ್ಡಿನಲ್ಲಿ ಚಿಕ್ಕಜ್ಜಿಯ ಹೆಸರು ಸಾಕಮ್ಮ. ಐದು ಹೆಣ್ಣುಗಳ ಮೇಲೆ ಆರನೆಯವರಾಗಿ ಹುಟ್ಟಿದವರು. ಸಾಕು ಅಂದರೆ ಸಾಕು, ಇನ್ನು ಹೆಣ್ಣು ಬೇಡ. ರಾತ್ರಿ ಮಲಗಿದ ಮೇಲೆ ನನಗೆ ಆ ನಗು ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯ್ತು.

ಹುಟ್ಟಿದ ಲೆಕ್ಕ ನೋಡಿ ಹೆಸರಿಡೋದು ತಪ್ಪಲ್ಲ. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಮೊದಲ ಮಗು ವಯಾನ್, ಎರಡನೆಯದು ಮಾಡೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಐದನೆಯದು ಹುಟ್ಟಿದರೆ ಮತ್ತೆ ವಯಾನ್‌ನಿಂದ ಶುರು. ಗಂಡಿಗೂ ಅದೇ, ಹೆಣ್ಣಿಗೂ ಅದೇ. ಘಾನಾ ದೇಶದ ಅಕಾನ್ ಜನ ಹುಟ್ಟಿದ ವಾರ ನೋಡಿ ಹೆಸರಿಡ್ತಾರೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ದರಲ್ಲ ಕೋಫಿ ಅನ್ನಾನ್, ಅವರು 1938ರಲ್ಲಿ ಒಂದು ಶುಕ್ರವಾರ ಹುಟ್ಟಿದವರು. ಕೋಫಿ ಅಂದರೆ ಶುಕ್ರವಾರದ ಹುಡುಗ. ಜೊತೆಗೇ ಹುಟ್ಟಿದ ಅವಳಿ ಸಹೋದರಿಯ ಹೆಸರು ಎಫುವಾ, ಅಂದರೆ ಶುಕ್ರವಾರದ ಹುಡುಗಿ. ಒಂದೇ ದಿನ, ಒಂದೇ ಅರ್ಥ, ತಕ್ಕಡಿ ಯಾವ ಕಡೆಗೂ ವಾಲಿಲ್ಲ.

ವಾಲಿದ್ದನ್ನೂ ನೋಡಬೇಕಾ? ಹಳೇ ರೋಮ್‌ಗೆ ಹೋಗಿ. ಅಲ್ಲಿ ಹೆಣ್ಣುಮಗುವಿಗೆ ಸಾಮಾನ್ಯವಾಗಿ ಸ್ವಂತ ಹೆಸರೇ ಇಲ್ಲ, ಮನೆತನದ ಹೆಸರನ್ನೇ ಸ್ತ್ರೀಲಿಂಗ ಮಾಡಿ ಕರೆಯೋದು. ಜೂಲಿಯಸ್ ಸೀಸರ್‌ನ ಇಬ್ಬರು ಸಹೋದರಿಯರ ಹೆಸರೂ ಜೂಲಿಯಾ. ಅವನ ಸೋದರತ್ತೆ ಜೂಲಿಯಾ, ಮಗಳೂ ಜೂಲಿಯಾ. ಗುರುತಿಗೆ ದೊಡ್ಡವಳು, ಚಿಕ್ಕವಳು, ಮೂರನೆಯವಳು ಅಂತ ಸೇರಿಸಿಕೊಳ್ಳೋದು. ಕಾಲೇಜಿನಲ್ಲಿ ಪ್ರೋಗ್ರಾಂ ಬರೆಯುವಾಗ ತಲೆ ಓಡದಿದ್ದರೆ ನಾವು ವೇರಿಯಬಲ್‌ಗಳಿಗೆ ಎ-1, ಎ-2 ಅಂತ ಇಡ್ತಿದ್ದೆವು, ಹೆಚ್ಚುಕಡಿಮೆ ಹಾಗೆ.

"ಕೆಟ್ಟ ಹೆಸರು ಗಂಡುಮಕ್ಕಳಿಗೂ ಇಡ್ತಿದ್ರಲ್ಲ ಮೇಡಂ" ಅಂತ ನೀವು ಕೇಳಬಹುದು. ಹೌದು, ಇಡ್ತಿದ್ದರು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ತಿಪ್ಪ, ಗುಂಡ, ತಿರುಕ ಅಂತ ಹೆಸರಿಟ್ಟು ಕರೆದದ್ದುಂಟು. ಬಂಗಾಳದಲ್ಲಿ ಮಗುವನ್ನು ಸೂಲಗಿತ್ತಿಗೆ ಮೂರು ಕವಡೆಗೋ ಐದು ಕವಡೆಗೋ ಮಾರಿದ ಹಾಗೆ ಶಾಸ್ತ್ರ ಮಾಡಿ ತೀನ್‌ಕೊಡಿ, ಪಾಂಚ್‌ಕೊಡಿ ಅಂತ ಹೆಸರಿಡೋರು. ಜಪಾನ್‌ನ ದೊರೆ ತೊಯೊತೊಮಿ ಹಿದೆಯೋಶಿಗೆ ವಯಸ್ಸಾದ ಮೇಲೆ, 1589ರಲ್ಲಿ ಒಬ್ಬ ಮಗ ಹುಟ್ಟಿದ. ಇಡೀ ದೇಶ ಕೈಯಲ್ಲಿದ್ದ ಮನುಷ್ಯ ಆ ಮಗುವನ್ನು ಸುತೆ, ಅಂದರೆ 'ಬಿಸಾಡಿದ್ದು' ಅಂತ ಕರೆದ. ಆ ಮಗು ಉಳಿಯಲಿಲ್ಲ. 1593ರಲ್ಲಿ ಇನ್ನೊಬ್ಬ ಮಗ ಹುಟ್ಟಿದಾಗ ಅವನನ್ನು ಹಿರೋಯಿ, 'ಎತ್ತಿಕೊಂಡದ್ದು' ಅಂತ ಕರೆದರು. ತಿಪ್ಪೆಯಲ್ಲಿ ಬಿದ್ದಿದ್ದು, ಯಾರಿಗೂ ಬೇಡದ್ದು ಅಂದರೆ ಯಮನ ಕಣ್ಣು, ಊರವರ ಕಣ್ಣು ಬೀಳಲ್ಲ ಅನ್ನೋ ಲೆಕ್ಕ. ಬೇಕೇಬೇಕಾದ ಮಗು ಉಳೀಲಿ ಅಂತ ಹೇಳೋ ಸುಳ್ಳು ಅದು.

ಸಾಕು ಅನ್ನೋದು ಸುಳ್ಳಲ್ಲ, ವ್ಯತ್ಯಾಸ ಇರೋದು ಅಲ್ಲೇ. ಅದೇ ಬಂಗಾಳದಲ್ಲಿ ಹೆಣ್ಣುಮಗುವಿಗೆ ಆನ್ನಾಕಾಳಿ ಅಂತ ಹೆಸರಿತ್ತು. 'ಆರ್ ನಾ ಕಾಳಿ', ಅಂದರೆ ಇನ್ನು ಬೇಡ ತಾಯಿ ಕಾಳಿ. ತಮಿಳುನಾಡಿನ ತಿರುವಳ್ಳೂರು ಕಡೆ ಹಳ್ಳಿಯಲ್ಲಿ 'ವೇಂಡಾಂ' ಅನ್ನೋದೇ ಹುಡುಗಿಯರ ಹೆಸರು. ಬೇಡ ಅಂತ. ಚೀನಾದಲ್ಲಿ ಝಾವ್‌ದಿ ಅಂದರೆ 'ತಮ್ಮನನ್ನು ಕರಿ', ಲಾಯ್‌ದಿ ಅಂದರೆ 'ತಮ್ಮ ಬರಲಿ', ಪಾನ್‌ದಿ ಅಂದರೆ 'ತಮ್ಮನಿಗಾಗಿ ಕಾಯ್ತಿದ್ದೀವಿ'. ಒಂದೇ ಮಗುವಿನ ಕಾನೂನು ಬಂದ ಮೇಲೆ ಇವೆಲ್ಲ ಹುಟ್ಟಿದ್ದು ಅಂದುಕೊಳ್ಳಬೇಡಿ, ಅದಕ್ಕಿಂತ ಎಷ್ಟೋ ಹಳೆಯವು. ಕೊರಿಯಾದಲ್ಲಿ ಮಲ್‌ಜಾ, ಕೊನೆಯವಳು. ಜಪಾನಿನಲ್ಲಿ ತೋಮೆ, ನಿಲ್ಲಿಸು. ಭಾಷೆಗಳು ಬೇರೆ, ದೇವರುಗಳು ಬೇರೆ, ಊಟ ಬೇರೆ. ತೊಟ್ಟಿಲ ಮುಂದೆ ನಿಂತಾಗ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು!

ಹರಕೆಯ ಹೆಸರು ಅದು, ದ್ವೇಷ ಅಲ್ಲ ಅಂತ ಹಿರಿಯರು ಹೇಳ್ತಾರೆ. ಒಪ್ಪೋಣ. ಆದರೆ ಹರಕೆ ಯಾರಿಗೋಸ್ಕರ? ಇನ್ನೂ ಹುಟ್ಟದ ಹುಡುಗನಿಗೋಸ್ಕರ. ಹೊತ್ತುಕೊಂಡು ತಿರುಗೋಳು ಯಾರು? ಹುಟ್ಟಿರೋ ಹುಡುಗಿ. ಹಾಜರಿ ಕೂಗುವಾಗ ಅದೇ, ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಅದೇ, ಮದುವೆ ಕರೆಯೋಲೆಯಲ್ಲೂ ಅದೇ.

ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತೆ. ಎಲ್ಲ ಸಾಕಮ್ಮಂದಿರೂ ಬೇಡವಾದವರಲ್ಲ. ಕನ್ನಡದಲ್ಲಿ ಸಾಕು ಅಂದರೆ ಸಲಹು ಅಂತಲೂ ಅರ್ಥ, ಸಾಕಿ ಸಲಹಿದವಳೂ ಸಾಕಮ್ಮನೇ. ಬೆಂಗಳೂರಿನಲ್ಲಿ ಕಾಫಿಪುಡಿ ಸಾಕಮ್ಮ ಅಂತಲೇ ಪ್ರಸಿದ್ಧರಾದ ಉದ್ಯಮಿ ಇದ್ದರು. ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂತ ಮೊದಮೊದಲ ಮಹಿಳೆಯರಲ್ಲಿ ಒಬ್ಬರು. ಬಸವನಗುಡಿಯ ಸಾಕಮ್ಮ ಗಾರ್ಡನ್ ಅವರ ಹೆಸರಿನದೇ. ಅವರ ಮನೆಯವರು ಯಾವ ಅರ್ಥದಲ್ಲಿ ಇಟ್ಟರೋ, ಬೆಂಗಳೂರಿಗೆ ಅದು ಘಮಘಮ ಅನ್ನೋ ಹೆಸರು.

ಮಹಾರಾಷ್ಟ್ರದ ಹೆಸರಿಗೆ ಮಾತ್ರ ಇಂಥ ಎರಡನೇ ಅರ್ಥ ಇಲ್ಲ. ಅಲ್ಲಿ ನಕುಶಿ, ನಕುಸಾ ಅಂದರೆ ಬೇಡವಾದವಳು, ಅಷ್ಟೇ. 2011ರ ಅಕ್ಟೋಬರ್‌ನಲ್ಲಿ ಸಾತಾರಾ ಜಿಲ್ಲಾಡಳಿತ ಒಂದು ಕೆಲಸ ಮಾಡಿತು. ಈ ಹೆಸರಿನ ಹುಡುಗಿಯರನ್ನು ಹುಡುಕಿ, 285 ಮಂದಿಯನ್ನು ಒಂದು ಕಡೆ ಕೂಡಿಸಿ, ಅವರವರು ಬಯಸಿದ ಹೊಸ ಹೆಸರು ಬರೆದ ಪ್ರಮಾಣಪತ್ರ ಮತ್ತು ಒಂದೊಂದು ಹೂಗುಚ್ಛ ಕೊಟ್ಟಿತು. ಜಡೆ ಹೆಣೆದುಕೊಂಡು, ಒಳ್ಳೇ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಕೆಲವರು ಸಿನಿಮಾ ತಾರೆಯರ ಹೆಸರು ಆರಿಸಿಕೊಂಡರು, ಕೆಲವರು ದೇವತೆಯರ ಹೆಸರು. ಒಂದೇ ಜಿಲ್ಲೆಯಲ್ಲಿ 285 ಬೇಡವಾದವರು!

ಈಗ ಇಂಥ ಹೆಸರು ಕಡಿಮೆಯಾಗಿದೆ, ನಾವು ಸುಧಾರಿಸಿದ್ದೀವಿ ಅಂದುಕೊಳ್ಳೋಣವಾ? ಜನಗಣತಿ ನೋಡಿ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ ದೇಶದಲ್ಲಿ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ 927. 2011ರಲ್ಲಿ ಅದು 920ಕ್ಕೂ ಕೆಳಗೆ ಇಳಿದಿತ್ತು. ಭ್ರೂಣಲಿಂಗ ಪತ್ತೆ ತಡೆಯೋ ಕಾನೂನು 1994ರಲ್ಲೇ ಬಂದಿದೆ. ದುಡ್ಡಿರೋ ಮನೆಯವರು ಸಾಕು ಅಂತ ಹೆಸರಿಡೋ ಕಷ್ಟ ತಗೊಳ್ಳಲಿಲ್ಲ, ಸ್ಕ್ಯಾನಿಂಗ್ ಯಂತ್ರದ ಮುಂದೆಯೇ ಸಾಕು ಅಂದುಬಿಟ್ಟರು. ನನ್ನ ಮಾತು ಒರಟು ಅನಿಸಿದರೆ ಕ್ಷಮಿಸಿ, ಆದರೆ ಸಾಕಮ್ಮ ಅಂತ ಹೆಸರಿಟ್ಟ ಬಡವರು ಕೊನೇ ಪಕ್ಷ ಆ ಮಗುವನ್ನು ಸಾಕಿದರು.

ಹರಿಯಾಣದ ಹಿಸಾರ್ ಜಿಲ್ಲೆಯ ಒಂದು ಮನೆಯಲ್ಲಿ ನಾಲ್ಕನೇ ಹೆಣ್ಣುಮಗು 2004ರಲ್ಲಿ ಹುಟ್ಟಿತು. ಇದೇ ಕೊನೆ ಆಗಲಿ ಅಂತ ಅಂತಿಮ್ ಅಂತ ಹೆಸರಿಟ್ಟರು. ಅಂತಿಮ್ ಪಂಘಾಲ್. 2022ರಲ್ಲಿ 20 ವರ್ಷದೊಳಗಿನವರ ವಿಶ್ವ ಕುಸ್ತಿಯಲ್ಲಿ ಚಿನ್ನ ಗೆದ್ದಳು. ಭಾರತದ ಯಾವ ಹೆಣ್ಣುಮಗಳೂ ಅದಕ್ಕೆ ಮುಂಚೆ ಅದನ್ನು ಗೆದ್ದಿರಲಿಲ್ಲ, ಅಂತಿಮ್ ಅಂತ ಹೆಸರಿನವಳು ಮೊದಲನೆಯವಳಾದಳು. ಮುಂದಿನ ವರ್ಷ ಮತ್ತೆ ಗೆದ್ದಳು. ಕೇಳೋಕೆ ಖುಷಿ, ಆ ಸುದ್ದಿ ಓದಿದ ದಿನ ನನ್ನ ಧ್ವನಿಯೂ ಸ್ವಲ್ಪ ಏರಿತ್ತು. ಆದರೆ ಹೆಸರಿನ ಭಾರ ಇಳಿಸಿಕೊಳ್ಳೋಕೆ ಪ್ರತಿ ಹುಡುಗಿಯೂ ವಿಶ್ವ ಚಾಂಪಿಯನ್ ಆಗಬೇಕಾ?

ಬೇಕಿಲ್ಲ. ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಹೆಸರಿಲ್ಲದೆಯೂ ಮಗುವಿನ ಜನನ ನೋಂದಾಯಿಸಬಹುದು. ಹನ್ನೆರಡು ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಅದಾದ ಮೇಲೆ ಹದಿನೈದು ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಇಟ್ಟಾಗಿರೋ ಹೆಸರು ಬದಲಾಯಿಸೋದು ಇದಕ್ಕಿಂತ ಸುತ್ತು ದಾರಿ. ಅಫಿಡವಿಟ್ ಬೇಕು, ಪೇಪರ್ ಪ್ರಕಟಣೆ ಬೇಕು, ಓಡಾಡಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ಮೇಲಂತೂ ಇನ್ನೂ ಕಷ್ಟ. ನಿಮ್ಮ ಬೀದಿಯಲ್ಲಿ ಅಂಥ ಹೆಸರಿನ ಪುಟ್ಟ ಹುಡುಗಿ ಇದ್ದರೆ ಅವಳ ಅಪ್ಪ ಅಮ್ಮನಿಗೆ ಇದನ್ನು ಹೇಳಿ. ಈ ವರ್ಷವೇ ಹೇಳಿ.

ನಾಮಕರಣ ಮೊನ್ನೆ ಭಾನುವಾರ ಆಯ್ತು. ಎರಡಕ್ಷರದ್ದು ಸಿಗಲಿಲ್ಲ, ಮೂರಕ್ಷರದ್ದು. ಅರ್ಥವನ್ನು ಇಂಟರ್ನೆಟ್‌ನಲ್ಲಿ ಕೇಳಲಿಲ್ಲ, ಕನ್ನಡ ಮೇಷ್ಟ್ರೊಬ್ಬರನ್ನ ಕೇಳಿದೆ. ಶಾಸ್ತ್ರದ ಪ್ರಕಾರ ಕಿವಿಯಲ್ಲಿ ಹೇಳಬೇಕಾದವಳು ನಾನು. ಮೂರು ಸಲ ಹೇಳಿದೆ. ಆಮೇಲೆ ಮಗುವನ್ನೆತ್ತಿ ಚಿಕ್ಕಜ್ಜಿಯ ತೊಡೆ ಮೇಲೆ ಮಲಗಿಸಿ, "ನೀವೂ ಒಂದ್ಸಲ ಕರೀರಿ ಚಿಕ್ಕಜ್ಜಿ" ಅಂದೆ. ಅವರಿಗೆ ಈಗ ಕಿವಿ ಸ್ವಲ್ಪ ಮಂದ. "ಏನಂತ ಇಟ್ರಿ?" ಅಂತ ಕೇಳಿದರು. ಅವರ ಕಿವಿಯಲ್ಲೂ ಹೇಳಿದೆ. ಅವರು ಮಗುವಿನ ಕಡೆ ಬಗ್ಗಿದರು.