ಸವೆದ ಕ್ಲಚ್ಚೂ ನಮ್ಮ ಎಡಗಾಲೂ



ಹಳೆಯ ಮೋಟಾರು ಗಾಡಿಯನ್ನು ಇಟ್ಟುಕೊಂಡವರನ್ನು ಕಂಡರೆ ನೆರೆಹೊರೆಯವರಿಗೆ ವಿನೋದ, ಮನೆಯವರಿಗೆ ವ್ಯಥೆ. ಈ ಎರಡಕ್ಕೂ ಪಾತ್ರರಾದವರಲ್ಲಿ ನಾವೂ ಒಬ್ಬರು. ನಮ್ಮ ತೀರ್ಥರೂಪರು ಬಿಟ್ಟುಹೋದ 1968ರ ಅಂಬಾಸಡರ್ ಗಾಡಿಯೊಂದು ನಮ್ಮಲ್ಲಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯಲ್ಲಿ ಬಂಗಾಳದ ಉತ್ತರಪಾಡದಲ್ಲಿ ತಯಾರಾಗುತ್ತಿದ್ದ ಈ ಗಾಡಿಯ ನಿರ್ಮಾಣವು 2014ರಲ್ಲಿ ನಿಂತುಹೋಯಿತು. ಆದುದರಿಂದ ಇರುವುದನ್ನು ಕಾಪಾಡಿಕೊಳ್ಳದೆ ಗತ್ಯಂತರವಿಲ್ಲ.

ಎರಡು ವರ್ಷಗಳ ಕೆಳಗೆ ಇದರ ಕ್ಲಚ್ಚು ಜಾರತೊಡಗಿತು. ಹೊಸ ಪ್ಲೇಟನ್ನು ಹಾಕಿಸಿದೆವು. ಹಳೆಯದು ಏಕೆ ಸವೆಯಿತೆಂದು ಕೇಳುವ ತಾಳ್ಮೆ ನಮಗಿರಲಿಲ್ಲ. ಕಳೆದ ವರ್ಷ ತುಮಕೂರಿಗೆ ಹೊರಟಿದ್ದಾಗ, ನೆಲಮಂಗಲದ ಸಮೀಪದ ಅರಿಶಿನಕುಂಟೆಯಲ್ಲಿ, ಕ್ಲಚ್ಚನ್ನು ಒತ್ತಿದೊಡನೆ ಕಿರ್ರೆಂಬ ಶಬ್ದ, ಗೇರು ಬೀಳಲೊಲ್ಲದು. ಹಿಂದೆ ಲಾರಿಗಳ ಸಾಲು. ನಾಲ್ಕು ಮಂದಿ ಪುಣ್ಯಾತ್ಮರು ಗಾಡಿಯನ್ನು ಪಕ್ಕಕ್ಕೆ ತಳ್ಳಿ, ಸಮೀಪದ ಮೇಸ್ತ್ರಿಗಳೊಬ್ಬರ ಷೆಡ್ಡಿಗೆ ಸೇರಿಸಿದರು.

ಆ ವೃದ್ಧರು ಸ್ಪ್ಯಾನರನ್ನು ಮುಟ್ಟುವ ಮೊದಲು ನಮ್ಮನ್ನೇ ಪ್ರಶ್ನಿಸಿದರು: "ಮೇಷ್ಟ್ರೆ, ಗಾಡಿ ಓಡುವಾಗ ತಮ್ಮ ಎಡಗಾಲು ಎಲ್ಲಿರುತ್ತೆ?"

ನಾವು ನಿರುತ್ತರರಾದೆವು. ನಮ್ಮ ಎಡಗಾಲು ಮೂವತ್ತು ವರ್ಷಗಳಿಂದ ಕ್ಲಚ್ ಪೆಡಲಿನ ಮೇಲೆಯೇ ವಿಶ್ರಮಿಸುತ್ತಿದೆ!

ಅವರು ಎಂಜಿನನ್ನು ನಿಲ್ಲಿಸಿ, ಪೆಡಲನ್ನು ಒತ್ತುತ್ತ ಬಿಡುತ್ತ ಇರುವಂತೆ ಹುಡುಗನಿಗೆ ಹೇಳಿ, ಎಂಜಿನಿನ ಮುಂಭಾಗದ ಕೆಳಗಿನ ಪುಲ್ಲಿಯನ್ನು ನಮಗೆ ತೋರಿಸಿದರು. ಒತ್ತಿದಾಗಲೆಲ್ಲ ಅದು ಮುಂದಕ್ಕೆ ಸರಿಯುತ್ತಿತ್ತು.

ಇದರ ಮರ್ಮವಿಷ್ಟು. ಪಿಸ್ಟನ್ನುಗಳ ಏರಿಳಿತವನ್ನು ಸುತ್ತುವ ಚಲನೆಯನ್ನಾಗಿ ಮಾರ್ಪಡಿಸುವ ದಂಡವೇ ಕ್ರ್ಯಾಂಕ್ ಷಾಫ್ಟು. ಅದರ ಹಿಂದಿನ ತುದಿಯಲ್ಲಿ ಫ್ಲೈವೀಲು, ಅದಕ್ಕೆ ಅಂಟಿಕೊಂಡಂತೆ ಕ್ಲಚ್ಚು. ಪೆಡಲನ್ನು ಒತ್ತಿದಾಗ ಇಂಗಾಲದ ಉಂಗುರವುಳ್ಳ ಬೇರಿಂಗೊಂದು ಕ್ಲಚ್ಚನ್ನು ಮುಂದಕ್ಕೆ ನೂಕುತ್ತದೆ. ಆ ನೂಕು ಕ್ರ್ಯಾಂಕಿಗೂ ತಟ್ಟುತ್ತದೆ. ಅದನ್ನು ತಡೆಯತಕ್ಕವು ನಡುವಿನ ಬೇರಿಂಗಿನ ಪಕ್ಕದಲ್ಲಿರುವ ಅರ್ಧಚಂದ್ರಾಕಾರದ ತೆಳುವಾದ ತ್ರಸ್ಟ್ ವಾಷರುಗಳು. ಇವು ಆಗಾಗ್ಗೆ ಬೀಳುವ ಒತ್ತಡಕ್ಕೆ ಮಾಡಿದವೇ ಹೊರತು ಸದಾಕಾಲ ಹೇರಿದ ಭಾರಕ್ಕಲ್ಲ. ಕಾಲು ಪೆಡಲಿನ ಮೇಲೆಯೇ ಇದ್ದರೆ ಉಂಗುರವೂ ಸವೆಯುತ್ತದೆ, ವಾಷರುಗಳೂ ಸವೆಯುತ್ತವೆ. ಅವು ಪೂರ್ತಿಯಾಗಿ ಸವೆದರೆ ಕ್ರ್ಯಾಂಕು ಎಂಜಿನಿನ ಬ್ಲಾಕನ್ನೇ ತಿನ್ನುತ್ತದೆ. ಆಮೇಲೆ ರಿಪೇರಿಯ ಮಾತಿಲ್ಲ.

ನಮ್ಮ ಅದೃಷ್ಟಕ್ಕೆ ಆ ಅವಸ್ಥೆ ಇನ್ನೂ ಬಂದಿರಲಿಲ್ಲ. ಎಂಜಿನನ್ನು ಇಳಿಸಿ, ಕ್ರ್ಯಾಂಕನ್ನು ಮೈಕ್ರೋಮೀಟರಿನಿಂದ ಅಡ್ಡಕ್ಕೂ ಉದ್ದಕ್ಕೂ ಅಳೆದರು. ಕನೆಕ್ಟಿಂಗ್ ರಾಡುಗಳು ಕೂರುವ ನಾಲ್ಕು ಕುತ್ತಿಗೆಗಳಲ್ಲಿ ಎರಡು ದುಂಡನ್ನು ಕಳೆದುಕೊಂಡಿದ್ದುವು. ಇಂಥವನ್ನು ಗ್ರೈಂಡ್ ಮಾಡಿ, ಇಂಚಿನ ಸಾವಿರದಲ್ಲಿ 10 ಭಾಗ, ಅಂದರೆ ಸುಮಾರು ಕಾಲು ಮಿಲಿಮೀಟರು, ಸಣ್ಣದು ಮಾಡುವುದುಂಟು. ಅದಕ್ಕೆ ಹೊಂದುವ ಬೇರಿಂಗುಗಳು ದೊರೆಯುತ್ತವೆ. ಇನ್ನೊಮ್ಮೆ ಸವೆದರೆ 20, ಮುಂದೆ 30, 40. ಆಯುಸ್ಸಿನಂತೆ ಇದಕ್ಕೂ ಮಿತಿಯುಂಟು. ಗ್ರೈಂಡಾದ ಬಳಿಕ ಎಣ್ಣೆಯ ರಂಧ್ರಗಳಲ್ಲಿ ಪುಡಿಯು ಉಳಿಯದಂತೆ ತೊಳೆದರು. ಹೊಸ ವಾಷರುಗಳನ್ನು, ಎಣ್ಣೆಯ ಗಾಡಿಗಳು ಕ್ರ್ಯಾಂಕಿನ ಕಡೆಗೆ ಮುಖಮಾಡುವಂತೆ, ಕೂರಿಸಿದರು. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಇಂಗಾಲದ ಬೇರಿಂಗು ಮೂರನ್ನೂ ಒಟ್ಟಿಗೆ ಬದಲಾಯಿಸಿದರು. "ಒಂದು ಹೊಸದು, ಎರಡು ಹಳೇದು ಆದರೆ, ಹಳೇದು ಹೊಸದನ್ನ ತಿನ್ನುತ್ತೆ" ಎಂದರು.

ಮೊದಲ ಸಲ ನಾವು ಕೊಟ್ಟ ಹಣವು ವ್ಯರ್ಥವಾಯಿತಷ್ಟೆ. ಸವೆದ ಭಾಗವನ್ನು ಬದಲಾಯಿಸಿದೆವು, ಸವೆಸಿದ ಅಭ್ಯಾಸವನ್ನು ಹಾಗೆಯೇ ಉಳಿಸಿಕೊಂಡೆವು. ಕಾಲೇಜಿನಲ್ಲಿ ಕಾರ್ಯಕಾರಣ ಸಂಬಂಧವನ್ನು ಬೋಧಿಸುವ ನಮಗೆ ಈ ಪಾಠವನ್ನು ಅರಿಶಿನಕುಂಟೆಯ ಷೆಡ್ಡಿನಲ್ಲಿ ಕಲಿಯಬೇಕಾಯಿತು.

ಹಳೆಯ ಗಾಡಿಯುಳ್ಳ ಶ್ರೋತೃಗಳು ನಾಳೆ ಬೆಳಗ್ಗೆ ಮನೆಯವರೊಬ್ಬರನ್ನು ಪೆಡಲಿನ ಬಳಿ ಕೂರಿಸಿ, ಎಂಜಿನನ್ನು ನಿಲ್ಲಿಸಿಯೇ, ಆ ಪುಲ್ಲಿಯನ್ನೊಮ್ಮೆ ನೋಡಬಹುದು. ಅದು ಕಣ್ಣಿಗೆ ಕಾಣುವಷ್ಟು ಸರಿದರೆ ತಡಮಾಡದೆ ಮೇಸ್ತ್ರಿಗಳನ್ನು ಕಾಣತಕ್ಕದ್ದು. ಸರಿಯದಿದ್ದರೆ ಸಂತೋಷ, ಎಡಗಾಲನ್ನು ಮಾತ್ರ ನೆಲದ ಮೇಲೆ ಇಟ್ಟುಕೊಳ್ಳತಕ್ಕದ್ದು.