ಗಾಡಿಯೇ ಡ್ರೈವರ್ ಆದಾಗ

ಅಮೆರಿಕದ ರಸ್ತೆ ಕಾನೂನಿನಲ್ಲಿ ಒಂದು ಹಳೆಯ ಪಾಲುಪಟ್ಟಿ ಇದೆ. 1966ರ ವಾಹನ ಸುರಕ್ಷತಾ ಕಾಯ್ದೆ ಬಂದ ಮೇಲೆ ಗಾಡಿಯ ಬ್ರೇಕು, ಬೆಲ್ಟು, ದೀಪ ಹೇಗಿರಬೇಕೆಂದು ಹೇಳುವುದು ಕೇಂದ್ರ ಸರ್ಕಾರ. ಓಡಿಸುವವರಿಗೆ ಲೈಸೆನ್ಸು ಕೊಡುವುದು, ತಪ್ಪಿದರೆ ದಂಡ ಹಾಕುವುದು ರಾಜ್ಯಗಳು. ಗಾಡಿ ಬೇರೆ, ಡ್ರೈವರ್ ಬೇರೆ ಇರುವವರೆಗೆ ಈ ಪಾಲು ಸಲೀಸಾಗಿ ನಡೆಯಿತು. ಗಾಡಿಯೇ ಡ್ರೈವರ್ ಆದಾಗ ಬೇಲಿ ಎಲ್ಲಿ ಹಾಕುವುದೆಂಬ ಗೊಂದಲ ಶುರುವಾಯಿತು. 2011ರಲ್ಲಿ ನೆವಾಡಾ, ಮರುವರ್ಷ ಕ್ಯಾಲಿಫೋರ್ನಿಯಾ ತಮ್ಮದೇ ಕಾನೂನು ಮಾಡಿಕೊಂಡವು. ಅರಿಜೋನಾ 2015ರಲ್ಲಿ ಗವರ್ನರ್ ಆದೇಶವೊಂದರಿಂದಲೇ ಬಾಗಿಲು ತೆರೆಯಿತು. ಕೇಂದ್ರ 2016ರಲ್ಲಿ ಹೊರಡಿಸಿದ್ದು ಬರೀ ಮಾರ್ಗಸೂಚಿ. 2017ರಲ್ಲಿ ಪ್ರತಿನಿಧಿ ಸಭೆ ಒಪ್ಪಿದ ಮಸೂದೆ ಸೆನೆಟ್ ದಾಟಲೇ ಇಲ್ಲ.

ಈ ಗೊಂದಲದ ಬೆಲೆ ಏನೆಂದು 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಗೊತ್ತಾಯಿತು. ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಕಂಪನಿಯೊಂದು ಪರೀಕ್ಷಿಸುತ್ತಿದ್ದ, ತಾನೇ ಓಡುವ ಕಾರು ಡಿಕ್ಕಿ ಹೊಡೆಯಿತು, ಆಕೆ ತೀರಿಕೊಂಡರು. ತನಿಖೆಯ ಪ್ರಕಾರ ಯಂತ್ರ ಆಕೆಯನ್ನು 5.6 ಸೆಕೆಂಡು ಮೊದಲೇ ಗುರುತಿಸಿತ್ತು. ಆದರೆ ಒಮ್ಮೆ ವಾಹನ ಎಂದಿತು, ಒಮ್ಮೆ ಬೇರೇನೋ ಎಂದಿತು, ಒಮ್ಮೆ ಸೈಕಲ್ ಎಂದಿತು. ಜೀಬ್ರಾ ಪಟ್ಟೆ ಇಲ್ಲದ ಕಡೆಯೂ ಜನ ದಾಟುತ್ತಾರೆಂಬ ಲೆಕ್ಕವೇ ಅದರಲ್ಲಿರಲಿಲ್ಲ (ನಮ್ಮೂರುಗಳಲ್ಲಿ ದಾಟುವುದೇ ಹಾಗೆ). ಸೀಟಿನಲ್ಲಿದ್ದ ಮೇಲ್ವಿಚಾರಕಿ ಫೋನ್ ನೋಡುತ್ತಿದ್ದರು. ಕ್ರಿಮಿನಲ್ ಕೇಸು ಬಿದ್ದದ್ದು ಅವರೊಬ್ಬರ ಮೇಲೆ, ಕಂಪನಿಯ ಮೇಲಲ್ಲ. ತನಿಖಾ ಮಂಡಳಿ ಮಾತ್ರ ಕಂಪನಿ, ರಾಜ್ಯ, ಕೇಂದ್ರ ಮೂವರಲ್ಲೂ ಲೋಪ ಕಂಡಿತು. ಅಪಘಾತಗಳ ವರದಿ ಕೊಡಲೇಬೇಕೆಂದು ಕೇಂದ್ರ ಆದೇಶಿಸಿದ್ದು 2021ರಲ್ಲಿ.

ಅವಸರದ ಕಾನೂನು ಹೊಸ ವಿದ್ಯೆಯ ಕತ್ತು ಹಿಸುಕುತ್ತದೆ ಎನ್ನುವವರಿದ್ದಾರೆ. 1865ರಲ್ಲಿ ಬ್ರಿಟನ್ ಉಗಿಗಾಡಿಯ ಮುಂದೆ ಕೆಂಪು ಬಾವುಟ ಹಿಡಿದ ಆಳನ್ನು ನಡೆಸಿದ್ದನ್ನು ಅವರು ನೆನಪಿಸುತ್ತಾರೆ. ಅದು ಪೆದ್ದುತನವೇ, ಒಪ್ಪೋಣ. ಆದರೆ ಆ ಕಾನೂನು ಎಡವಿದ್ದು ಗಾಡಿಯ ನಡಿಗೆಯನ್ನೇ ಕಟ್ಟಿಹಾಕಲು ಹೋಗಿ. ಅದೇ ಬ್ರಿಟನ್ 2024ರ ಕಾಯ್ದೆಯಲ್ಲಿ ಯಂತ್ರ ಎಚ್ಚರದ, ಸಮರ್ಥ ಮನುಷ್ಯ ಚಾಲಕನಷ್ಟಾದರೂ ಸುರಕ್ಷಿತವಾಗಿರಬೇಕೆಂದಿತು. ಅದಕ್ಕೆ ಹೊಣೆ ಹೊರುವ ಸಂಸ್ಥೆ ಯಾವುದೆಂದು ಮೊದಲೇ ಗೊತ್ತುಮಾಡಬೇಕೆಂದಿತು. ಅಮೆರಿಕದ ರಾಜ್ಯಗಳು ಬೇರೆ ಬೇರೆ ದಾರಿ ಹಿಡಿದರೆ ಒಳ್ಳೆಯದು ಯಾವುದೆಂದು ತಿಳಿಯುತ್ತದೆ ಎಂಬ ವಾದದಲ್ಲೂ ಹುರುಳಿದೆ. ವೇಗ, ಪಾರ್ಕಿಂಗ್ ರಾಜ್ಯಗಳಿಗೇ ಇರಲಿ. ಆದರೆ ತಪ್ಪಾದಾಗ ಯಾರು ಉತ್ತರ ಕೊಡಬೇಕೆಂಬುದು ಗಡಿ ದಾಟಿದಂತೆ ಬದಲಾಗಬಾರದು. 2025ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊದಲ್ಲಿ ಪೊಲೀಸರು ತಪ್ಪು ಯು-ಟರ್ನ್ ಹೊಡೆದ ಕಾರನ್ನು ತಡೆದರು. ಒಳಗೆ ಯಾರೂ ಇಲ್ಲ. ಚೀಟಿ ಬರೆಯಲು ಹೆಸರಿಲ್ಲದೆ ಕಾರಿನ ಕಂಪನಿಗೆ ವಿಷಯ ತಿಳಿಸಿ ಸುಮ್ಮನಾದರು. ಕಂಪನಿಗೇ ನೋಟಿಸು ಕೊಡುವ ಅಧಿಕಾರ ಅಲ್ಲಿನ ಪೊಲೀಸರಿಗೆ 2026ರ ಜುಲೈನಿಂದ ಎಂದು ರಾಜ್ಯದ ಕಾನೂನು ಹೇಳುತ್ತದೆ. ಪಕ್ಕದ ರಾಜ್ಯಕ್ಕೆ ಆ ಕಾನೂನು ಅನ್ವಯಿಸದು.