ನಂಬರ್ ಪ್ಲೇಟು ಯಾರ ಸಲುವಾಗಿ?

(ಶಹಾಪುರದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

 

ಈ ವೇದಿಕೆಯ ಮೇಲೆ ಸಾಮಾನ್ಯವಾಗಿ ಪ್ರಾಧ್ಯಾಪಕರು, ವಚನ ಓದಿಕೊಂಡವರು ಮಾತನಾಡುತ್ತಾರೆ. ನಾನು ಬೋರ್ಡ್ ಬರೆಯುವ ಪೇಂಟರ್. ಈ ಸಲ ಕಾಯಕದ ಬಗ್ಗೆ ಕಾಯಕ ಮಾಡುವವರೇ ಮಾತನಾಡಲಿ ಎಂದು ಪೂಜ್ಯರು ಅಪ್ಪಣೆ ಮಾಡಿದರು. ಮೂವತ್ತು ವರ್ಷಗಳಿಂದ ಅಂಗಡಿ ಬೋರ್ಡು, ಜಾತ್ರೆ ಬ್ಯಾನರು, ಶಾಲೆ ಗೋಡೆ ಬರೆದಿದ್ದೇನೆ. ಎಲ್ಲಕ್ಕಿಂತ ಹೆಚ್ಚು ಬರೆದದ್ದು ಗಾಡಿಗಳ ನಂಬರ್ ಪ್ಲೇಟು. ಅದರ ಬಗ್ಗೆಯೇ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

ನಾನು ಕುಂಚ ಹಿಡಿದ ಕಾಲದಲ್ಲಿ ಕಪ್ಪು ತಗಡಿನ ಮೇಲೆ ಬಿಳಿ ಅಕ್ಷರ ಬರೆಯುತ್ತಿದ್ದೆವು. ಆಮೇಲೆ ಸ್ವಂತ ಗಾಡಿಗೆ ಬಿಳಿ ತಗಡು, ಬಾಡಿಗೆ ಗಾಡಿಗೆ ಹಳದಿ ತಗಡು, ಎರಡರ ಮೇಲೂ ಕಪ್ಪು ಅಕ್ಷರ ಬಂತು. ಸಾದಾ ಪ್ಲೇಟಿಗೆ ಎಂಬತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಆಮೇಲೆ ಹುಡುಗರು ‘ಡಿಸೈನ್’ ಕೇಳುತ್ತ ಬಂದರು. ಅದಕ್ಕೆ ಇನ್ನೂರೈವತ್ತು. 8055 ಇದ್ದರೆ ಇಂಗ್ಲಿಷಿನಲ್ಲಿ ‘ಬಾಸ್’ ಅಂತ ಕಾಣಬೇಕು. 4141 ಇದ್ದರೆ ನಾಗರಿ ಲಿಪಿಯ ‘ಪಾಪಾ’ ಆಗಬೇಕು. 214 ಅನ್ನು ‘ರಾಮ್’ ಮಾಡಿ ಕೊಟ್ಟಿದ್ದೇನೆ. ಕೆಲವರಿಗೆ ಅಕ್ಷರ ವಾಲಿರಬೇಕು, ಕೆಲವರಿಗೆ ಕೊನೆಯ ಅಂಕಿ ದೊಡ್ಡದಾಗಿ ಉಳಿದ ಮೂರು ಇರುವೆಯಷ್ಟು ಇರಬೇಕು. ಕೆಲವರು ನಂಬರಿಗಿಂತ ದೊಡ್ಡದಾಗಿ ತಮ್ಮ ಒಳಪಂಗಡದ ಹೆಸರು ಬರೆಸಿದರು. ಬಸವಣ್ಣನವರ ಚಿತ್ರ ಬರೆಸಿ, ಅದರ ಕಾಲ ಕೆಳಗೆ ಸಂದು ಉಳಿದಲ್ಲಿ ನಂಬರ್ ತುರುಕಿಸಿದವರೂ ಇದ್ದರು. ನಾನೇ ಬರೆದೆ. ಚಿತ್ರ ಚಲೋ ಬಂದಿದೆ ಎಂದು ಖುಷಿಯೂ ಪಟ್ಟೆ.

ನಿಯಮ ಏನು ಹೇಳುತ್ತದೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 50 ಮತ್ತು 51ನೇ ನಿಯಮ ಇದನ್ನೇ ಹೇಳುತ್ತವೆ. ಕಾರಿನ ಅಕ್ಷರ 65 ಮಿಲಿಮೀಟರ್ ಎತ್ತರ, 10 ಮಿಲಿಮೀಟರ್ ದಪ್ಪ, ನಡುವೆ 10 ಮಿಲಿಮೀಟರ್ ಸಂದು. ನನ್ನ ಬಳಿ ಆ ಅಳತೆಯ ತಗಡಿನ ಅಚ್ಚುಗಳೇ ಇದ್ದವು. ಎಂಬತ್ತು ರೂಪಾಯಿ ಗಿರಾಕಿಗೆ ಮಾತ್ರ ಅವನ್ನು ಹೊರಗೆ ತೆಗೆಯುತ್ತಿದ್ದೆ.

ಇದು ತೋರಿಕೆಯ ಮಾತಾಯಿತು. ಇನ್ನೊಂದು ಬಗೆಯ ಗಿರಾಕಿ ಬರುತ್ತಿದ್ದರು, ಅವರು ಅಂಜಿ ಬರುತ್ತಿದ್ದರು. ಒಮ್ಮೆ ಸುರಪುರದ ಕಡೆಯ ರೈತರೊಬ್ಬರು ಹಳೆಯ ಗೂಡ್ಸ್ ಆಟೊ ಕೊಂಡು ನೇರ ನನ್ನ ಅಂಗಡಿಗೆ ಬಂದರು. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ.

“ಪೇಂಟರ್ ಅಣ್ಣಾ, ನಂಬರ್ ಕೂಡಿಸಿದ್ರ ಎಂಟ್ ಬರ್ತದ. ಶನಿ ಸಂಖ್ಯಾ ಅಂತ ಹೇಳ್ಯಾರ. ಕೊನಿ ಅಂಕಿ ಮೂಲ್ಯಾಗ ಸಣ್ಣದ ಮಾಡಿ ಬರೀರಿ, ಕಣ್ಣಿಗಿ ಬೀಳಬಾರದು.”

ನಾನು ಬರೆದುಕೊಟ್ಟೆ. ಹೇಳಿದವರಿಗೆ ಐದು ನೂರು ಕೊಟ್ಟು ಬಂದಿದ್ದರು, ನನಗೆ ಇನ್ನೂರೈವತ್ತು ಕೊಟ್ಟರು. ತಿಥಿ, ವಾರ, ಲಗ್ನ ನೋಡಬೇಡಿ ಎಂದು ಬಸವಣ್ಣನವರು ಹೇಳಿದ್ದು ಇಲ್ಲಿ ಕುಳಿತವರಿಗೆಲ್ಲ ಬಾಯಿಪಾಠ. ಅಂದು ಆ ಅಣ್ಣನಿಗೆ ಅದನ್ನು ಹೇಳುವ ಹಕ್ಕು ನನಗಿತ್ತು. ಹೇಳಲಿಲ್ಲ, ಗಿರಾಕಿ ತಪ್ಪೀತು ಎಂದು.

ಆಮೇಲೆ ಒಂದು ದಿನ ಸುಮ್ಮನೆ ಲೆಕ್ಕ ಹಾಕಿದೆ. ಒಂದು ಸರಣಿಯಲ್ಲಿ 1ರಿಂದ 9999ರವರೆಗೆ ಸಂಖ್ಯೆಗಳು. ಒಂದೇ ಅಂಕಿ ಉಳಿಯುವ ತನಕ ಕೂಡಿಸುತ್ತ ಹೋದರೆ ಎಂಟು ಬರುವಂಥವು ಸರಿಯಾಗಿ 1111. ಎಲ್ಲರಿಗೂ ಬೇಕಾದ ಒಂಬತ್ತು ಬರುವಂಥವೂ 1111. ಎಂಟಕ್ಕೆ ಶನಿ ಇದ್ದರೆ ನಮ್ಮ ಕೆಎ 33ರ ಒಂಬತ್ತು ಗಾಡಿಗಳಲ್ಲಿ ಒಂದು ಗಾಡಿ ಭೀಮಾ ನದಿಯಲ್ಲೋ ಕೃಷ್ಣಾ ಕಾಲುವೆಯಲ್ಲೋ ಬಿದ್ದಿರಬೇಕಿತ್ತು. ಇತ್ತ ನಾವು ಎಂಟನ್ನು ಮೂಲೆಗೆ ತಳ್ಳುತ್ತಿದ್ದರೆ, ಅತ್ತ ಹರಿಯಾಣದಲ್ಲಿ 2025ರ ನವೆಂಬರ್ ತಿಂಗಳಲ್ಲಿ ಬರೀ ಎಂಟುಗಳೇ ತುಂಬಿದ ಒಂದು ನಂಬರಿಗೆ ಹರಾಜಿನಲ್ಲಿ 1 ಕೋಟಿ 17 ಲಕ್ಷ ಕೂಗಿದರು! ಕೂಗಿದವರು ಕೊನೆಗೆ ಹಣ ಕಟ್ಟಲಿಲ್ಲ, ಅದು ಬೇರೆ ಮಾತು.

ಹರಾಜಿನ ಬಗ್ಗೆ ಕೆಲವರು ನನ್ನನ್ನು ಕೇಳುತ್ತಾರೆ, ಅದು ತಪ್ಪೇನು ಎಂದು. ಬೇಕಾದ ಸಂಖ್ಯೆಗೆ ಸರ್ಕಾರಕ್ಕೆ ಶುಲ್ಕ ಕಟ್ಟುವುದು, ಬಹಳ ಮಂದಿ ಕೇಳುವ ಸಂಖ್ಯೆಯನ್ನು ಹರಾಜಿನಲ್ಲಿ ಹಿಡಿಯುವುದು ಕಾಯ್ದೆಯೊಳಗೇ ಇದೆ. ಕೇರಳದಲ್ಲಿ 2025ರ ಏಪ್ರಿಲ್ ತಿಂಗಳಲ್ಲಿ 0007 ಸಂಖ್ಯೆಗೆ 45.99 ಲಕ್ಷ ಬಂತು. ಚಂಡೀಗಢದಲ್ಲಿ 2022ರಲ್ಲಿ ಒಬ್ಬರು ಸುಮಾರು 71 ಸಾವಿರದ ಸ್ಕೂಟರಿಗೆ 0001 ಬೇಕೆಂದು 15.44 ಲಕ್ಷ ಕೊಟ್ಟರು. ದುಬೈನಲ್ಲಿ 2023ರಲ್ಲಿ 7 ಎಂಬ ಒಂದೇ ಅಂಕಿ ಐದೂವರೆ ಕೋಟಿ ದಿರ್ಹಾಮಿಗೆ ಹೋಯಿತು. ಆ ಹಣ ಹಸಿದವರ ಅನ್ನಕ್ಕೆ ಹೋಯಿತು ಎಂಬುದನ್ನೂ ಹೇಳಬೇಕು. ಉಳ್ಳವರು ಕದ್ದುಮುಚ್ಚಿ ಕೊಡುವುದಕ್ಕಿಂತ ಬಹಿರಂಗ ಹರಾಜಿನಲ್ಲಿ ಖಜಾನೆಗೆ ಕಟ್ಟಿದರೆ ನನ್ನ ತಕರಾರಿಲ್ಲ. ತಂದೆಯ ಹುಟ್ಟಿದ ವರ್ಷ ನೆನಪಿಗಿರಲಿ ಎಂದು ಒಬ್ಬ ಮಗ ಸಂಖ್ಯೆ ತೆಗೆದುಕೊಂಡರೆ ಅದಕ್ಕೂ ಇಲ್ಲ. ಸಾಲ ಮಾಡಿ ಟ್ರ್ಯಾಕ್ಟರ್ ತಂದು, ಕಂತು ಕಟ್ಟಲು ಮನೆಯವರನ್ನು ಬೆಂಗಳೂರಿಗೆ ದುಡಿಯಲು ಕಳಿಸುವ ನಮ್ಮ ಸೀಮೆಯಲ್ಲಿ, ಅದೇ ಟ್ರ್ಯಾಕ್ಟರಿನ ನಂಬರಿಗೆ ಇಪ್ಪತ್ತು ಸಾವಿರ ಸುರಿಯುವುದನ್ನು ಕಂಡಾಗ ಮಾತ್ರ ಹೊಟ್ಟೆ ಉರಿಯುತ್ತದೆ.

ಆದರೆ ನಾನು ಹೇಳಲು ಬಂದದ್ದು ಇದಲ್ಲ.

2021ರ ಡಿಸೆಂಬರ್. ನನ್ನ ತಂಗಿಯ ಗಂಡ ಹತ್ತಿ ತೂಕ ಮಾಡಿಸಿ, ರಾತ್ರಿ ಎಂಟೂವರೆಗೆ ಬೈಕಿನ ಮೇಲೆ ಊರಿಗೆ ಹೊರಟಿದ್ದರು. ಹತ್ತಿಗುಡೂರ ಕ್ರಾಸ್ ದಾಟಿ ಸ್ವಲ್ಪ ಮುಂದೆ ಹಿಂದಿನಿಂದ ಒಂದು ಬಿಳಿ ಕಾರು ಗುದ್ದಿತು. ನಿಲ್ಲಲಿಲ್ಲ. ಚಹಾ ಅಂಗಡಿಯ ಹುಡುಗ ಓಡಿ ಬಂದು ಎತ್ತಿದ. ಅವನು ಕಾರನ್ನು ಕಂಡಿದ್ದ, ಪ್ಲೇಟನ್ನೂ ಕಂಡಿದ್ದ. ನಾನು ಕೇಳಿದಾಗ ಅವನು ಹೇಳಿದ್ದು ಇಷ್ಟು: “ನಂಬರ್ ಇತ್ರಿ ಕಾಕಾ, ಆದ್ರ ಅದು ನಂಬರ್ ಇದ್ದಂಗ ಇರಲಿಲ್ಲ, ಹೆಸರ ಇದ್ದಂಗ ಇತ್ತು. ಓದಾಕ ಬರಲಿಲ್ಲ.”

ಅಂದು ರಾತ್ರಿ ನಾನು ಮಲಗಲಿಲ್ಲ. ಆ ದಿನಗಳಲ್ಲಿ ತಿಂಗಳಿಗೆ ಹತ್ತು ಹನ್ನೆರಡು ಅಂಥ ಪ್ಲೇಟು ಬರೆಯುತ್ತಿದ್ದೆ. ಅದು ನಾನು ಬರೆದದ್ದೇ ಆಗಿತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ತಂಗಿಗೆ ಈ ಮಾತು ಹೇಳಲು ನನಗೆ ಎರಡು ವರ್ಷ ಹಿಡಿಯಿತು.

ಅಳಿಯನ ಸೊಂಟದ ಎಲುಬು ಮುರಿದಿತ್ತು. ಕಲಬುರಗಿಯಲ್ಲಿ ಆಪರೇಷನ್, ಆರು ತಿಂಗಳು ಹಾಸಿಗೆ. ಎರಡು ಎಕರೆ ಹೊಲ ಲಾವಣಿಗೆ ಕೊಟ್ಟರು. ಈಗ ನಡೆಯುತ್ತಾರೆ, ಆದರೆ ಗಳೆ ಹೊಡೆಯಲು ಆಗುವುದಿಲ್ಲ.

ಇಲ್ಲಿ ಸ್ವಲ್ಪ ಕಾಯ್ದೆಯ ಮಾತು ಹೇಳಬೇಕು, ತಾಯಂದಿರು ಮುಖ್ಯವಾಗಿ ಕೇಳಿರಿ. ಗುದ್ದಿದ ಗಾಡಿಯ ನಂಬರ್ ಗೊತ್ತಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಪ್ರತಿ ಗಾಡಿಗೂ ಮೂರನೆಯವರ ವಿಮೆ ಕಡ್ಡಾಯ. ಗಾಯಗೊಂಡವರ ವಯಸ್ಸು, ದುಡಿಮೆ, ದವಾಖಾನೆ ಖರ್ಚು, ಉಳಿದ ಊನ ಎಲ್ಲ ನೋಡಿ ಪರಿಹಾರ ಕಟ್ಟುತ್ತಾರೆ. ತಡವಾಗುತ್ತದೆ, ಆದರೆ ಲಕ್ಷಗಳ ಲೆಕ್ಕದಲ್ಲಿ ಬರುತ್ತದೆ. ನಂಬರ್ ಗೊತ್ತಿಲ್ಲದಿದ್ದರೆ, ಗುದ್ದಿ ಓಡಿಹೋದ ಪ್ರಕರಣ ಎಂದು ಸರ್ಕಾರದ ಒಂದು ನಿಗದಿ ಮೊತ್ತ ಅಷ್ಟೇ. ಆಗ ಅದು ಜೀವ ಹೋದರೆ 25,000, ದೊಡ್ಡ ಗಾಯಕ್ಕೆ 12,500. 2022ರ ಏಪ್ರಿಲ್ 1ರಿಂದ ಅದು 2 ಲಕ್ಷ ಮತ್ತು 50,000 ಆಗಿದೆ. ನಮ್ಮ ಅಳಿಯನ ಅಪಘಾತ ಅದಕ್ಕೆ ಮೂರು ತಿಂಗಳು ಮೊದಲು ಆದದ್ದು. ಅವರ ಸೊಂಟಕ್ಕೆ ಹನ್ನೆರಡೂವರೆ ಸಾವಿರ.

ಈಗ ಹೇಳಿರಿ, ಒಂದು ನಂಬರಿನ ಬೆಲೆ ಎಷ್ಟು? ಕೇರಳದಲ್ಲಿ 46 ಲಕ್ಷ ಆಗಿರಬಹುದು. ಹತ್ತಿಗುಡೂರ ಕ್ರಾಸಿನಲ್ಲಿ ಬಿದ್ದವನಿಗೆ ನಾಲ್ಕು ಅಂಕಿ ಸರಿಯಾಗಿ ಕಂಡಿದ್ದರೆ ಎರಡು ಎಕರೆ ಹೊಲ ಉಳಿಯುತ್ತಿತ್ತು. ಗಾಡಿಯ ಒಡೆಯ ತನ್ನ ಪ್ಲೇಟನ್ನು ತಾನು ಓದುವುದೇ ಇಲ್ಲ, ಅವನು ಒಳಗೆ ಕುಳಿತಿರುತ್ತಾನೆ. ಅದು ಹಿಂದೆ ಬರುವವರಿಗೆ, ರಸ್ತೆ ದಾಟುವವರಿಗೆ, ಚಹಾ ಅಂಗಡಿಯ ಹುಡುಗನಿಗೆ ಇರುವುದು. ಜೇಡರ ದಾಸಿಮಯ್ಯನವರ ಮುದನೂರು ನಮ್ಮ ಸುರಪುರ ಸೀಮೆಯದೇ. ನೇಯುವವರಿಗೆ ಗೊತ್ತಿರುತ್ತದೆ, ಸೀರೆ ಮಗ್ಗದ ಮೇಲಿದ್ದರೂ ಅದು ಉಡುವವರದು. ನಾನು ಮಾತ್ರ ಪ್ಲೇಟು ಬರೆಸುವವನದು ಎಂದುಕೊಂಡಿದ್ದೆ.

ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತಿರುಗಿ ಅಲ್ಲೇ ಸುರಿದು ಬರಲು ಹೇಳಿದ ಕಥೆ ನಮಗೆಲ್ಲ ಗೊತ್ತು. ಎಂಬತ್ತರ ಕೆಲಸಕ್ಕೆ ನಾನು ಪಡೆದ ಮೇಲಿನ ನೂರೆಪ್ಪತ್ತನ್ನು ಎಲ್ಲಿ ಸುರಿಯಲಿ? ಯಾರ್ಯಾರಿಗೆ ಬರೆದೆ ಎಂಬ ಲೆಕ್ಕವೇ ನನ್ನ ಬಳಿ ಇಲ್ಲ.

ಡಿಸೈನ್ ಬರೆಯುವುದನ್ನು ಬಿಟ್ಟೆ. ಬಿಟ್ಟದ್ದಕ್ಕೆ ನನ್ನನ್ನು ಹೊಗಳಬೇಡಿ. ಏಕೆಂದರೆ ಅಷ್ಟರಲ್ಲಿ ಆ ಕೆಲಸವೇ ಹೋಗುತ್ತಿತ್ತು. 2019ರ ಏಪ್ರಿಲ್ 1ರ ನಂತರದ ಹೊಸ ಗಾಡಿಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಶೋರೂಮಿನಿಂದಲೇ ಬರುತ್ತಿತ್ತು. ಹಳೆಯ ಗಾಡಿಗಳೂ ಅದನ್ನೇ ಹಾಕಿಸಬೇಕೆಂದು 2023ರ ಆಗಸ್ಟ್‌ನಲ್ಲಿ ರಾಜ್ಯದ ಅಧಿಸೂಚನೆ ಬಂತು. ನವೆಂಬರ್ 17 ಕೊನೆಯ ದಿನ ಎಂದರು, ಆಮೇಲೆ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಅಲ್ಯುಮಿನಿಯಂ ತಗಡು, ಉಬ್ಬಿದ ಅಕ್ಷರ, ಅಶೋಕ ಚಕ್ರದ ಹೊಳೆಯುವ ಗುರುತು, ಲೇಸರಿನಿಂದ ಕೊರೆದ ಸಂಖ್ಯೆ, ಒಮ್ಮೆ ಕೂಡಿಸಿದರೆ ಮುರಿಯದೆ ಬಿಚ್ಚಲಾಗದ ಲಾಕು. ನನ್ನ ಕೈಗೆ ಅದರಲ್ಲಿ ಕೆಲಸವಿಲ್ಲ. ಮೊದಮೊದಲು ಸಿಟ್ಟು ಬಂದಿತ್ತು. ಈಗ ರಸ್ತೆಯ ಬದಿ ನಿಂತು ನೋಡಿದರೆ ಪ್ರತಿ ಗಾಡಿಯ ನಂಬರೂ ಓದಲು ಬರುತ್ತದೆ, ಸಾಹುಕಾರರ ಕಾರಿನದೂ ಕೂಲಿಯವನ ಮೊಪೆಡ್ಡಿನದೂ. ನಾನು ಮೂವತ್ತು ವರ್ಷದಲ್ಲಿ ಮಾಡದ್ದನ್ನು ಆ ಯಂತ್ರ ಮಾಡಿದೆ.

ಆದರೂ ಹುಡುಗರು ಬರುತ್ತಾರೆ. ಸರ್ಕಾರಿ ಫಲಕ ತೆಗೆದು ಇದನ್ನು ಹಚ್ಚಿ, ಇಲ್ಲವೇ ಅದರ ಮೇಲೆ ಕಪ್ಪು ಹಾಳೆ ಅಂಟಿಸಿ ಎನ್ನುತ್ತಾರೆ. “ಮೊದಲ ಸಲಾ ಸಿಕ್ರ ಐನೂರ ದಂಡ, ಅಷ್ಟ ಅಲ್ರಿ ಕಾಕಾ? ನೀವ್ ಬರೀಲಿಲ್ಲಂದ್ರ ಇನ್ನೊಬ್ರ ಬರೀತಾರ” ಎಂದ ಒಬ್ಬ. ನಮ್ಮ ಮಠದ ದಾಸೋಹದಲ್ಲಿ ಬಡಿಸುವ ಹುಡುಗ ಅವನು, ಇಲ್ಲಿಯೇ ಕುಳಿತಿದ್ದಾನೆ, ಹೆಸರು ಹೇಳುವುದಿಲ್ಲ. ಅವನಿಗೆ ಅಳಿಯನ ಮನೆಯ ದಾರಿ ತೋರಿಸಿದೆ. ಹೋಗಿ ಬಂದನೋ ಇಲ್ಲವೋ ಕೇಳಿಲ್ಲ.

ಇನ್ನೊಂದು ಕೆಲಸ ಉಳಿದಿದೆ. ನಮ್ಮಲ್ಲಿ ಟ್ರ್ಯಾಕ್ಟರಿಗೆ ಫಲಕ ಇರುತ್ತದೆ, ಹಿಂದಿನ ಟ್ರ್ಯಾಲಿಗೆ ಇರುವುದಿಲ್ಲ. ಟ್ರ್ಯಾಲಿಗೂ ತನ್ನದೇ ನೋಂದಣಿ ಇರಬೇಕು. ಹತ್ತಿ ತುಂಬಿ ರಾತ್ರಿ ಹೊರಟರೆ ಹಿಂದಿನಿಂದ ಒಂದು ಕರಿ ಗುಡ್ಡ ಹೋದಂತೆ ಕಾಣುತ್ತದೆ, ದೀಪವಿಲ್ಲ, ನಂಬರಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಫಲಕವನ್ನು ನಾನು ಕೊಡಲಾರೆ, ಅದನ್ನು ನೀವೇ ಕಾಯ್ದೆ ಪ್ರಕಾರ ಮಾಡಿಸಬೇಕು. ಆದರೆ ನೋಂದಣಿ ಇರುವ ಟ್ರ್ಯಾಲಿಯ ಹಿಂಬಾಗಿಲಿನ ಮೇಲೆ ಅದೇ ಸಂಖ್ಯೆಯನ್ನು ಒಂದು ಅಡಿ ಎತ್ತರದಲ್ಲಿ ಬರೆದು, ಎರಡು ಕಡೆ ಕೆಂಪು ಹೊಳೆಯುವ ಪಟ್ಟಿ ಹಚ್ಚಿ ಕೊಡುತ್ತೇನೆ. ಬಣ್ಣದ ಮತ್ತು ಪಟ್ಟಿಯ ಖರ್ಚು ಮಾತ್ರ ನಿಮ್ಮದು. ತೊಗರಿ ರಾಶಿ ಮುಗಿಯುವ ತನಕ ಪ್ರತಿ ರವಿವಾರ ಮುಂಜಾನೆ ಮಠದ ಹಿಂದಿನ ಬಯಲಿನಲ್ಲಿ ಇರುತ್ತೇನೆ. ನೋಂದಣಿ ಪತ್ರ ಮರೆಯದೆ ತನ್ನಿರಿ, ಅದನ್ನು ನೋಡಿಯೇ ಬರೆಯುತ್ತೇನೆ. ಟ್ರ್ಯಾಲಿ ತೊಳೆದು ತಂದರೆ ಉಪಕಾರ, ಮಣ್ಣಿನ ಮೇಲೆ ಬಣ್ಣ ನಿಲ್ಲುವುದಿಲ್ಲ.